ಫೋನ್ ಬರುವ ಮುಂಚೆ ಪೌಚ್ ಬಂತು

2025ರ ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡಲು ತಿಪಟೂರಿಗೆ ಹೋಗಿದ್ದೆ. ಭಾವನದು ಅಲ್ಲಿ ಒಂದು ಸಣ್ಣ ಮೊಬೈಲ್ ಅಂಗಡಿ ಇದೆ. ರೀಚಾರ್ಜ್, ಪೌಚ್, ಟೆಂಪರ್ ಗ್ಲಾಸ್, ಡಿಸ್‌ಪ್ಲೇ ಬದಲಾಯಿಸೋದು, ಇಷ್ಟೇ. ಆನ್‌ಲೈನ್ ಬಂದ ಮೇಲೆ ಹೊಸ ಫೋನ್ ಮಾರೋದನ್ನು ಬಿಟ್ಟಿದ್ದಾರೆ. ಊಟ ಆದ ಮೇಲೆ ಅಂಗಡಿಯಲ್ಲಿ ಸುಮ್ನೆ ಕೂತಿದ್ದೆ. ಬೆಂಗಳೂರಿನಿಂದ ಪಾರ್ಸೆಲ್ ಬಂತು. ಭಾವ ಬ್ಲೇಡ್ ತಗೊಂಡು ಟೇಪ್ ಕೊಯ್ದರು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಅಂಗಡಿ ತುಂಬಾ ಹರಡಿತು.

ಒಂದು ಪೌಚ್ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು. ಮುಖ ಸಿಂಡರಿಸಿದರು.

"ಇದೇನಪ್ಪಾ, ಇಷ್ಟಗಲ ತೂತು? ಡ್ಯಾಮೇಜ್ ಮಾಲು ಕಳಿಸಿದಾರಾ?"

ನಾನು ಇಸ್ಕೊಂಡು ನೋಡಿದೆ. ಮಾಮೂಲಿ ಪೌಚ್‌ಗಳಲ್ಲಿ ಕ್ಯಾಮೆರಾ ತೂತು ಒಂದು ಮೂಲೆಯಲ್ಲಿ ಇರುತ್ತೆ. ಇದರಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡಕ್ಕೆ ಕೊಯ್ದಿದ್ದರು. ತೆಳುವಾದ ಒಂದು ಪಟ್ಟಿ ಮಾತ್ರ ಸುತ್ತ ಉಳಿದಿತ್ತು. ಬೆರಳಲ್ಲಿ ಒತ್ತಿದರೆ ಆ ಪಟ್ಟಿ ಬಳುಕುತ್ತಿತ್ತು.

"ಡ್ಯಾಮೇಜ್ ಅಲ್ಲ ಭಾವ, ಇದು ಐಫೋನ್ 17 ಪ್ರೋದು. ಫೋನೇ ಹೀಗೆ ಬರುತ್ತಂತೆ. ಕ್ಯಾಮೆರಾ ಜಾಗ ಪೂರ್ತಿ ಅಡ್ಡಕ್ಕೆ ಇರುತ್ತೆ ಅಂತಿದಾರೆ."

"ಯಾರು ಅಂತಿರೋದು?"

"ಯೂಟ್ಯೂಬಲ್ಲಿ ನೋಡಿದೆ. ಆರು ತಿಂಗಳಿಂದ ಹೇಳ್ತಾನೇ ಇದಾರೆ."

ಭಾವ ನಕ್ಕರು. "ಯೂಟ್ಯೂಬಿನವನಿಗೇನಪ್ಪಾ, ಹೇಳ್ತಾನೆ ಹೋಗ್ತಾನೆ. ಇದನ್ನ ಮಾಡಿದೋನು ಅಚ್ಚಿಗೆ ದುಡ್ಡು ಹಾಕಿದಾನೆ. ಅವನು ಹೇಳಿದ್ರೆ ನಾನು ನಂಬ್ತೀನಿ."

ಆಗ ನಕ್ಕು ಸುಮ್ಮನಾದೆ. ಆಮೇಲೆ ಯೋಚಿಸಿದಷ್ಟೂ ಆ ಮಾತು ಸರಿ ಅನ್ನಿಸುತ್ತಾ ಬಂತು. ನಾನು ಹದಿನೈದು ವರ್ಷದಿಂದ ಫೋನ್ ಲೀಕ್‌ಗಳನ್ನು ಅಂದರೆ ಬಿಡುಗಡೆಗೆ ಮುಂಚೆಯೇ ಸೋರಿ ಬರುವ ಸುದ್ದಿಗಳನ್ನು ಓದುತ್ತಾ ಬಂದವನು. ಇದೊಂದು ಚಟ, ಒಪ್ಪಿಕೊಳ್ಳುತ್ತೇನೆ. ಕೊಳ್ಳುವ ಫೋನಿಗಿಂತ ಕೊಳ್ಳದೇ ಇರುವ ಫೋನಿನ ಬಗ್ಗೆಯೇ ನನಗೆ ಜಾಸ್ತಿ ಗೊತ್ತು. ಆದರೆ ಯಾವ ಲೀಕ್ ನಂಬಬೇಕು, ಯಾವುದನ್ನು ಬಿಡಬೇಕು ಅಂತ ಭಾವನಷ್ಟು ಸಲೀಸಾಗಿ ಹೇಳೋಕೆ ನನಗೆ ಯಾವತ್ತೂ ಆಗಿರಲಿಲ್ಲ. ಸುಳ್ಳಾದರೆ ಯಾರ ಜೇಬಿಗೆ ಕತ್ತರಿ? ಭಾವ ಕೇಳಿದ್ದು ಅದೊಂದೇ ಪ್ರಶ್ನೆ.

ಪೌಚ್ ಮಾಡುವವನ ಕಷ್ಟ ಸ್ವಲ್ಪ ನೋಡಿ. ಲಕ್ಷಾಂತರ ಕೊಟ್ಟು ಫೋನ್ ತಗೊಂಡವನು ಅದೇ ದಿನ ಇನ್ನೂರು ರೂಪಾಯಿಯ ಪೌಚ್ ಹುಡುಕುತ್ತಾನೆ. ಬರಿಗೈಯಲ್ಲಿ ಹಿಡಿದು ಓಡಾಡೋಕೆ ಭಯ. ಹಾಗಾಗಿ ಫೋನ್ ಮಾರಾಟಕ್ಕೆ ಬಂದ ದಿನ ಪೌಚ್ ಅಂಗಡಿಯಲ್ಲಿ ನೇತಾಡುತ್ತಿರಬೇಕು. ಒಂದು ತಿಂಗಳು ತಡವಾದರೆ ಆ ಗಿರಾಕಿ ಬೇರೆ ಕಡೆ ತಗೊಂಡಿರುತ್ತಾನೆ. ಇನ್ನು ಪೌಚ್ ಆಗಬೇಕು ಅಂದರೆ ಉಕ್ಕಿನ ಅಚ್ಚು ಮಾಡಿಸಬೇಕು. ಪ್ಲಾಸ್ಟಿಕ್ ಎರಕ ಹೊಯ್ಯಬೇಕು. ಸಾವಿರಗಟ್ಟಲೆ ಮಾಡಿ ಹಡಗಿಗೋ ವಿಮಾನಕ್ಕೋ ಹಾಕಬೇಕು. ಇಷ್ಟಕ್ಕೆ ವಾರಗಳು ಬೇಕು. ಅಂದರೆ ಫೋನಿನ ಉದ್ದಗಲ, ಗುಂಡಿ ಎಲ್ಲಿದೆ, ಕ್ಯಾಮೆರಾ ಎಲ್ಲಿದೆ ಅನ್ನೋದು ಅವನಿಗೆ ತಿಂಗಳುಗಳ ಮೊದಲೇ ಗೊತ್ತಿರಬೇಕು. ಚೀನಾದ ಶೆನ್‌ಜೆನ್ ಸುತ್ತಮುತ್ತ ಇದಕ್ಕೆಂದೇ ಒಂದು ವ್ಯಾಪಾರ ನಡೆಯುತ್ತದೆ. ಕಾರ್ಖಾನೆಯ ನಕ್ಷೆ ಕೈ ಬದಲಾಗುತ್ತದೆ. ಆ ಅಳತೆಗೆ ಅಲ್ಯೂಮಿನಿಯಮ್ಮಿನ ಡಮ್ಮಿ ಫೋನ್ ಕೊರೆಯುತ್ತಾರೆ. ಅದಕ್ಕೆ ಪೌಚ್ ತೊಡಿಸಿ ನೋಡುತ್ತಾರೆ. ನಾವು ವಿಡಿಯೋಗಳಲ್ಲಿ 'ಮೊದಲ ನೋಟ' ಅಂತ ನೋಡುವುದು ಎಷ್ಟೋ ಸಲ ಈ ಡಮ್ಮಿಯನ್ನೇ. ಆನ್ ಮಾಡೋಕೆ ಹೋದರೆ ಅದರಲ್ಲಿ ಏನೂ ಇರುವುದಿಲ್ಲ. ಆನ್‌ಲೀಕ್ಸ್ ಅನ್ನುವ ಹೆಸರಲ್ಲಿ ಫ್ರಾನ್ಸಿನ ಒಬ್ಬರು ವರ್ಷಗಳಿಂದ ಬಿಡುಗಡೆ ಮಾಡುತ್ತಿರುವ ಚಿತ್ರಗಳೂ ಇಂಥ ನಕ್ಷೆಗಳಿಂದ ಬಿಡಿಸಿದವು. ಅದಕ್ಕೇ ಅವು ಅಷ್ಟು ಕರಾರುವಾಕ್ಕಾಗಿ ಇರುತ್ತವೆ.

ಸೆಪ್ಟೆಂಬರ್ 9ರ ರಾತ್ರಿ ಹತ್ತೂವರೆಗೆ ಆಪಲ್ ಬಿಡುಗಡೆ ಕಾರ್ಯಕ್ರಮವನ್ನು ಲೈವ್ ನೋಡುತ್ತಾ ಕೂತೆ. 17 ಪ್ರೋ ಬಂತು. ಬೆನ್ನು ತಿರುಗಿಸಿದರು. ಅಡ್ಡಕ್ಕೆ ಅದೇ ದಿಣ್ಣೆ, ಅಂಚಿನಿಂದ ಅಂಚಿಗೆ. ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಬೆಳಿಗ್ಗೆ ಉತ್ತರ ಬಂದಿತ್ತು: "ತೂತು ಸರಿ ಇದೆ."

ಆದರೆ ಅದೇ ಪಾರ್ಸೆಲ್‌ನಲ್ಲಿ ಇನ್ನೊಂದು ಕಟ್ಟು ಇತ್ತು. ತೆಳು ಫೋನಿನದು. ಅದರ ಸ್ಟಿಕರ್ ಮೇಲೆ '17 ಏರ್' ಅಂತ ಪ್ರಿಂಟ್ ಮಾಡಿದ್ದರು. ಎಲ್ಲ ಲೀಕಿನವರೂ ವರ್ಷಪೂರ್ತಿ ಹೇಳಿದ್ದು ಅದೇ ಹೆಸರು. ಆಪಲ್ ಇಟ್ಟ ಹೆಸರು ಬರೀ 'ಐಫೋನ್ ಏರ್'. 17 ಇಲ್ಲವೇ ಇಲ್ಲ. ಪೌಚ್ ಸರಿಯಾಗಿ ಕೂರುತ್ತೆ, ಸ್ಟಿಕರ್ ಮಾತ್ರ ತಪ್ಪು. ನನಗೆ ಇದು ಬಹಳ ಮಜಾ ಅನ್ನಿಸಿತು. ಆಕಾರ ಬದಲಾಯಿಸೋಕೆ ಕಾರ್ಖಾನೆ ಬದಲಾಯಿಸಬೇಕು. ಹೆಸರು ಬದಲಾಯಿಸೋಕೆ ಒಂದು ಮೀಟಿಂಗ್ ಸಾಕು. ಲೀಕ್‌ಗಳನ್ನು ಓದುವಾಗ ಅಂದಿನಿಂದ ನಾನು ಇದೇ ಲೆಕ್ಕ ಹಾಕುತ್ತೇನೆ. ಉದ್ದ, ಅಗಲ, ಕ್ಯಾಮೆರಾ ಜಾಗ ಅಂದರೆ ಕಿವಿ ಕೊಡುತ್ತೇನೆ. ಹೆಸರು ಅಂದರೆ ಅರ್ಧ ನಂಬುತ್ತೇನೆ. ಬೆಲೆ ಅಂದರೆ ಮುಂದಿನ ವಿಡಿಯೋಗೆ ಹೋಗುತ್ತೇನೆ.

ಬೆಲೆಯ ಗಾಳಿಸುದ್ದಿಯದೇ ಒಂದು ಕಥೆ. ಅದು ಸುಮ್ನೆ ತಪ್ಪಾಗಿ ಹೋಗಿಬಿಡುವುದಿಲ್ಲ. ನಮ್ಮ ಮನಸ್ಸಲ್ಲಿ ಒಂದು ಗೆರೆ ಎಳೆದು ಹೋಗುತ್ತದೆ.

2010ರ ಜನವರಿ 27. ಮೊದಲ ಐಪ್ಯಾಡ್ ಬಂದ ದಿನ. ಅದಕ್ಕೂ ಮುಂಚೆ ವಾರಗಟ್ಟಲೆ ಎಲ್ಲರ ಬಾಯಲ್ಲೂ ಸಾವಿರ ಡಾಲರ್ ಮಾತು. ಆಗಿನ ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ನಿಂತು, ಪಂಡಿತರು ಹೀಗನ್ನುತ್ತಿದ್ದಾರೆ ಅಂತ ಪರದೆ ಮೇಲೆ ದೊಡ್ಡದಾಗಿ 999 ಡಾಲರ್ ತೋರಿಸಿದರು. ಸ್ವಲ್ಪ ಹೊತ್ತು ಅದನ್ನು ಹಾಗೇ ಬಿಟ್ಟರು. ಆಮೇಲೆ ಅದನ್ನು ಒಡೆದು 499 ಬೀಳಿಸಿದರು. ಜನ ಚಪ್ಪಾಳೆ ಹೊಡೆದರು. 499 ಡಾಲರ್ ಏನು ಕಮ್ಮಿ ದುಡ್ಡಾ? ಅಲ್ಲ. ಆದರೆ ಸಾವಿರ ಕೊಡೋಕೆ ಮನಸ್ಸು ಗಟ್ಟಿ ಮಾಡಿಕೊಂಡವರಿಗೆ ಅದು ಅರ್ಧಕ್ಕೆ ಸಿಕ್ಕ ಹಾಗಾಯಿತು. ಸಂತೆಯಲ್ಲಿ ಸೀರೆ ವ್ಯಾಪಾರಿ ಮೊದಲು ದುಪ್ಪಟ್ಟು ಹೇಳುವುದಿಲ್ಲವೇ, ಅದೇ. ಒಂದೇ ವ್ಯತ್ಯಾಸ. ದುಪ್ಪಟ್ಟು ಹೇಳುವ ಕೆಲಸವನ್ನು ಇಲ್ಲಿ ಬೇರೆಯವರೇ ಪುಕ್ಕಟೆ ಮಾಡಿಕೊಟ್ಟಿದ್ದರು.

ಇದರ ಉಲ್ಟಾ ನಮ್ಮ ದೇಶದಲ್ಲೇ ಆಯಿತು. 2021ರ ಜೂನ್ 24ಕ್ಕೆ ರಿಲಯನ್ಸ್ ಸಭೆಯಲ್ಲಿ ಜಿಯೋಫೋನ್ ನೆಕ್ಸ್ಟ್ ಅಂತ ಘೋಷಣೆಯಾಯಿತು. ಗೂಗಲ್ ಜೊತೆ ಸೇರಿ ಮಾಡಿದ ಫೋನ್. ಗಣೇಶ ಚತುರ್ಥಿಗೆ, ಅಂದರೆ ಸೆಪ್ಟೆಂಬರ್ 10ಕ್ಕೆ ಬರುತ್ತೆ ಅಂದರು. ಬೆಲೆ ಹೇಳಲಿಲ್ಲ. ಆ ಖಾಲಿ ಜಾಗಕ್ಕೆ ಗಾಳಿಸುದ್ದಿ ನುಗ್ಗಿತು. ಮೂರು ಸಾವಿರದ ಐನೂರರ ಆಸುಪಾಸು ಅಂತ ಎಲ್ಲ ಕಡೆ ಬರೆದರು. ಕೊರೊನಾ ಕಾಲ ನೆನಪಿದೆಯಲ್ಲ, ಶಾಲೆಯೇ ಫೋನಿನೊಳಗೆ ಬಂದು ಕೂತಿತ್ತು. ಮನೆಗೊಂದು ಫೋನ್, ಅದಕ್ಕೆ ಇಬ್ಬರು ಮೂವರು ಮಕ್ಕಳು. ಅಂಥ ಮನೆಗಳಲ್ಲಿ ಮೂರೂವರೆ ಸಾವಿರ ಅನ್ನೋದು ಹೇಗೋ ಹೊಂದಿಸಬಹುದಾದ ದುಡ್ಡು. ಗಣೇಶ ಬಂದು ಹೋದ, ಫೋನ್ ಬರಲಿಲ್ಲ. ಚಿಪ್ ಸಿಗುತ್ತಿಲ್ಲ, ದೀಪಾವಳಿಗೆ ಅಂದರು. ದೀಪಾವಳಿಗೆ, ನವೆಂಬರ್ 4ಕ್ಕೆ ಬಂತು. ಬೆಲೆ 6,499. ಕಂತಿನಲ್ಲಾದರೆ ಮೊದಲು 1,999 ಕೊಟ್ಟು ಉಳಿದದ್ದನ್ನು ತಿಂಗಳು ತಿಂಗಳು ಕಟ್ಟಬಹುದಿತ್ತು. ಆ ಬೆಲೆಗೆ ಆ ಫೋನ್ ದುಬಾರಿಯೋ ಅಲ್ಲವೋ ಅನ್ನೋ ಚರ್ಚೆ ಬೇರೆ. ಗಾಳಿಸುದ್ದಿಯ ಗೆರೆ ಮೊದಲೇ ಎಳೆದಾಗಿತ್ತು. ಅದರ ಮುಂದೆ 6,499 ಮೋಸದ ಹಾಗೆ ಕಂಡಿತು. ಅಲ್ಲಿ ಕಂಪನಿ ಮೂರೂವರೆ ಸಾವಿರ ಅಂತ ಎಲ್ಲೂ ಹೇಳಿರಲಿಲ್ಲ. ಬರೆದವರಿಗೆ ಏನಾಯಿತು? ಏನೂ ಆಗಲಿಲ್ಲ. ಮಾರನೇ ದಿನ ಬೇರೆ ಫೋನಿನ ಬೆಲೆ ಬರೆದರು.

ಹಾಗಂತ ದುಡ್ಡು ಹಾಕಿದವನು ತಪ್ಪೇ ಮಾಡುವುದಿಲ್ಲ ಅಂತಲ್ಲ. 2011 ನೆನಪು ಮಾಡಿಕೊಳ್ಳಿ. ಆ ವರ್ಷ ಬೇಸಿಗೆಯಿಂದ ಎಲ್ಲ ಕಡೆ ಐಫೋನ್ 5ರದೇ ಸುದ್ದಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ನೀರಿನ ಹನಿಯ ಹಾಗೆ ಇರುತ್ತೆ ಅಂದರು. ಚೀನಾದಲ್ಲಿ ಪೌಚ್ ಮಾಡುವವರು ಆ ಆಕಾರಕ್ಕೆ ಅಚ್ಚು ಮಾಡಿಸಿ ಮಾಲು ತಯಾರಿಸಿಬಿಟ್ಟರು. ಆನ್‌ಲೈನಲ್ಲಿ ಮಾರಾಟಕ್ಕೂ ಇಟ್ಟರು. ಅಕ್ಟೋಬರ್ 4ಕ್ಕೆ ಬಂದದ್ದು ಐಫೋನ್ 4ಎಸ್. ನೋಡೋಕೆ ಹಳೇ ಐಫೋನ್ 4ರ ಹಾಗೇ ಇತ್ತು. ನೀರಿನ ಹನಿಯ ಫೋನ್ ಇವತ್ತಿಗೂ ಬಂದಿಲ್ಲ. ಆ ಪೌಚ್‌ಗಳು ಏನಾದವೋ ಅಂತ ನನಗೆ ಆಗಾಗ ಯೋಚನೆ ಬರುತ್ತೆ. ಯಾವ ಫೋನಿಗೂ ಕೂರದ ಸಾವಿರಾರು ಪೌಚ್.

ಮಜಾ ಏನು ಗೊತ್ತಾ, ಲೀಕ್ ಮಾಡುವವರ ಮೇಲೆ ಹರಿಹಾಯುವಾಗ ಆಪಲ್ ಈ ಪೌಚ್ ಮಾಡುವವರ ಹೆಸರನ್ನೂ ಎತ್ತಿದೆ. 2021ರಲ್ಲಿ ಚೀನಾದ ಒಬ್ಬನಿಗೆ ವಕೀಲರ ಮೂಲಕ ಪತ್ರ ಹೋಯಿತು. ನೀನು ಹೀಗೆ ಮುಂಚೆಯೇ ಬಯಲು ಮಾಡಿದರೆ ಪೌಚ್ ತಯಾರಿಸುವವರು ಸರಿ ಹೊಂದದ ಮಾಲು ಮಾಡಿ ನಷ್ಟ ಮಾಡಿಕೊಳ್ಳುತ್ತಾರೆ ಅನ್ನೋ ಅರ್ಥದ ಮಾತು ಅದರಲ್ಲಿತ್ತು. ಪೌಚ್ ಮಾಡುವವನ ಮೇಲೆ ಇವರಿಗೆ ಎಂಥಾ ಕಾಳಜಿ! ಭಾವನಿಗೆ ಹೇಳಿದಾಗ, "ಅಷ್ಟು ಕಾಳಜಿ ಇದ್ರೆ ಮುಂಚೆನೇ ಅಳತೆ ಕೊಟ್ಬಿಡಲಿ" ಅಂದರು.

ಕಂಪನಿಗಳು ಗುಟ್ಟು ಕಾಯಲು ಮಾಡುವ ಸಾಹಸವೂ ಸಣ್ಣದಲ್ಲ. 2018ರಲ್ಲಿ ಆಪಲ್ ತನ್ನ ನೌಕರರಿಗೆ ಒಂದು ಎಚ್ಚರಿಕೆ ಪತ್ರ ಕಳಿಸಿತು. ಹಿಂದಿನ ವರ್ಷ ಲೀಕ್ ಮಾಡಿದ 29 ಜನರನ್ನು ಹಿಡಿದಿದ್ದೇವೆ, ಅದರಲ್ಲಿ 12 ಜನ ಅರೆಸ್ಟ್ ಆಗಿದ್ದಾರೆ, ಹುಷಾರು ಅಂತ. ಲೀಕ್ ಮಾಡಬೇಡಿ ಅನ್ನುವ ಆ ಪತ್ರವೇ ಲೀಕ್ ಆಗಿ ಬ್ಲೂಮ್‌ಬರ್ಗ್‌ನಲ್ಲಿ ಬಂತು.

ಎಲ್ಲಕ್ಕಿಂತ ಹಳೇ ಕಥೆ 2010ರದು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಒಂದು ಬಿಯರ್ ಬಾರ್‌ನಲ್ಲಿ ಆಪಲ್ ಎಂಜಿನಿಯರ್ ಒಬ್ಬ ಇನ್ನೂ ಬಿಡುಗಡೆಯಾಗದ ಐಫೋನ್ 4 ಮರೆತು ಎದ್ದು ಹೋದ. ಸಿಕ್ಕವನಿಂದ ಗಿಜ್‌ಮೋಡೊ ಅನ್ನುವ ವೆಬ್‌ಸೈಟ್ 5,000 ಡಾಲರ್‌ಗೆ ಕೊಂಡು, ಬಿಚ್ಚಿ, ಫೋಟೋ ಹಾಕಿತು. ಪೊಲೀಸರು ಅದರ ಸಂಪಾದಕರ ಮನೆ ಬಾಗಿಲು ಒಡೆದು ಕಂಪ್ಯೂಟರ್ ಎತ್ತಿಕೊಂಡು ಹೋದರು. ಜೂನ್‌ನಲ್ಲಿ ಜಾಬ್ಸ್ ಆ ಫೋನ್ ತೋರಿಸುವಾಗ, ಇದನ್ನು ಈಗಾಗಲೇ ನೋಡಿದ್ದರೆ ನನ್ನನ್ನು ತಡೆಯಿರಿ ಅಂತ ಅವರೇ ತಮಾಷೆ ಮಾಡಿದರು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಜನ ಮರೆಯೋದು ಒಂದು ವಿಷಯ. ಆ ಫೋನಿಗೆ ಒಂದು ಪೌಚ್ ಹಾಕಿದ್ದರು. ಹೊರಗಿನಿಂದ ನೋಡಿದವರಿಗೆ ಹಳೇ ಐಫೋನ್ 3ಜಿಎಸ್ ಅನ್ನಿಸಬೇಕು, ಹಾಗೆ ಮಾಡಿಸಿದ ಪೌಚ್. ಅಂದರೆ ಗುಟ್ಟು ಮುಚ್ಚಿಟ್ಟದ್ದೂ ಪೌಚೇ.

ಅಲ್ಲಿಂದ ಇಲ್ಲಿಗೆ ಎಷ್ಟು ಬದಲಾಗಿದೆ ನೋಡಿ. 2019ರ ಜೂನ್‌ನಲ್ಲಿ ಗೂಗಲ್‌ನ ಪಿಕ್ಸೆಲ್ 4 ಫೋನಿನ ಚಿತ್ರಗಳು ಹರಿದಾಡುತ್ತಿದ್ದಾಗ, ಕುತೂಹಲ ಇದ್ದ ಹಾಗಿದೆ, ತಗೊಳ್ಳಿ ಅಂತ ಗೂಗಲ್ ತಾನೇ ಫೋನಿನ ಬೆನ್ನಿನ ಚಿತ್ರ ಹಾಕಿಬಿಟ್ಟಿತು. ಬಿಡುಗಡೆಗೆ ಇನ್ನೂ ನಾಲ್ಕು ತಿಂಗಳು ಇತ್ತು. 2022ರಲ್ಲಿ ನಥಿಂಗ್ ಅನ್ನುವ ಕಂಪನಿಯ ಫೋನ್ 1 ಬರುವಾಗಲಂತೂ ಲೀಕ್ ಆಗೋಕೆ ಏನೂ ಉಳಿದಿರಲಿಲ್ಲ. ಬೆನ್ನಿನಲ್ಲಿ ಮಿನುಗುವ ದೀಪ, ಪಾರದರ್ಶಕ ಗಾಜು, ಎಲ್ಲವನ್ನೂ ಕಂಪನಿಯೇ ವಾರಕ್ಕೊಂದು ಚೂರು ಬಿಡುತ್ತಾ ಬಂತು. ಜುಲೈ 12ರ ಕಾರ್ಯಕ್ರಮದಲ್ಲಿ ನನಗೆ ಹೊಸದಾಗಿ ಗೊತ್ತಾದದ್ದು ಕಮ್ಮಿ. ಧಾರಾವಾಹಿಯವರು ನಾಳಿನ ಸಂಚಿಕೆಯ ತುಣುಕು ತೋರಿಸುತ್ತಾರಲ್ಲ, ಹಾಗೆ. ಇದನ್ನು ಲೀಕ್ ಅನ್ನೋಕೆ ನನಗೆ ಮನಸ್ಸಿಲ್ಲ. ನಲ್ಲಿ ಸೋರುವುದು ಬೇರೆ, ನಲ್ಲಿ ತಿರುಗಿಸುವುದು ಬೇರೆ.

ಇವೆರಡರ ನಡುವೆ ಬದುಕುವವರು ಥಂಬ್‌ನೇಲ್ ಮಂದಿ. ಥಂಬ್‌ನೇಲ್ ಅಂದರೆ ವಿಡಿಯೋ ಮೇಲೆ ಕಾಣುವ ಮುಖಚಿತ್ರ: ಬಾಯಿ ತೆರೆದ ಮುಖ, ಕೆಂಪು ಬಾಣ, 'ಕನ್ಫರ್ಮ್' ಅನ್ನುವ ಪದ. ಕನ್ನಡದ ಚಾನೆಲ್‌ಗಳೂ ಇದಕ್ಕೆ ಹೊರತಲ್ಲ, ಬೇಜಾರು ಮಾಡ್ಕೋಬೇಡಿ. ಹತ್ತು ನಿಮಿಷದ ವಿಡಿಯೋದಲ್ಲಿ ಒಂಬತ್ತು ನಿಮಿಷ 'ಆಗಬಹುದು', 'ಇರಬಹುದು', 'ಹೇಳಲಾಗ್ತಿದೆ'. ಬೆಂಚ್‌ಮಾರ್ಕ್, ಅಂದರೆ ಫೋನಿನ ವೇಗ ಅಳೆದ ಅಂಕಗಳ ಪಟ್ಟಿಯಲ್ಲಿ ಒಂದು ಹೆಸರು ಕಂಡರೆ ಸಾಕು, ಒಂದು ವಿಡಿಯೋ. ಆ ಪಟ್ಟಿಗೆ ಯಾವ ಫೋನಿನಿಂದ ಬೇಕಾದರೂ ಸುಳ್ಳು ಹೆಸರು ಸೇರಿಸಬಹುದು ಅಂತ ಅವರಿಗೂ ಗೊತ್ತು. ಭಾರತೀಯ ಮಾನಕ ಬ್ಯೂರೋದ ನೋಂದಣಿಯಲ್ಲಿ ಮಾಡೆಲ್ ನಂಬರ್ ಕಂಡರೆ ಅದು ಸ್ವಲ್ಪ ಗಟ್ಟಿ ಸುದ್ದಿ. ಕಂಪನಿ ಅದಕ್ಕಾಗಿ ಪರೀಕ್ಷೆ ಮಾಡಿಸಿರುತ್ತದೆ, ಅರ್ಜಿ ಹಾಕಿರುತ್ತದೆ. ಆದರೆ ಬರೀ ನಂಬರ್‌ಗೆ ಥಂಬ್‌ನೇಲ್ ಚೆನ್ನಾಗಿ ಬರುವುದಿಲ್ಲ.

ಈ ಗುಂಪಿನಲ್ಲಿ ಒಬ್ಬನ ಮೇಲೆ ಮಾತ್ರ ನನಗೆ ಒಂಚೂರು ಗೌರವ. ಅಮೆರಿಕದ ಒಬ್ಬ ಯೂಟ್ಯೂಬರ್ 2021ರಲ್ಲಿ ಮಾರ್ಚ್ 23ಕ್ಕೆ ಆಪಲ್ ಕಾರ್ಯಕ್ರಮ ಇದೆ ಅಂತ ಅಡ್ಡಗೋಡೆ ಮೇಲೆ ದೀಪ ಇಡದೆ ನೇರ ಹೇಳಿದ. ಸುಳ್ಳಾದರೆ ಹುಬ್ಬು ಬೋಳಿಸಿಕೊಳ್ಳುತ್ತೇನೆ ಅಂದ. ಮಾರ್ಚ್‌ನಲ್ಲಿ ಏನೂ ನಡೆಯಲಿಲ್ಲ, ಕಾರ್ಯಕ್ರಮ ಏಪ್ರಿಲ್‌ಗೆ ಬಂತು. ಪುಣ್ಯಾತ್ಮ ಹುಬ್ಬು ಬೋಳಿಸಿಕೊಂಡ! ಭಾವನ ಲೆಕ್ಕದಲ್ಲಿ ಅವನೂ ಏನೋ ಒಂದು ಪಣಕ್ಕಿಟ್ಟವನೇ.

ಕಾಯುವ ರೋಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ ಆಸ್ಬರ್ನ್ ಎಫೆಕ್ಟ್ ಅಂತ ಹೆಸರೇ ಇದೆ. ಆಡಮ್ ಆಸ್ಬರ್ನ್ 1981ರಲ್ಲಿ ಕೈಯಲ್ಲಿ ಎತ್ತಿಕೊಂಡು ಹೋಗುವ ಕಂಪ್ಯೂಟರ್ ತಂದವರು. ಎತ್ತಿಕೊಂಡು ಅಂದರೆ ಹನ್ನೊಂದು ಕಿಲೋ. ಚೆನ್ನಾಗಿ ಮಾರಾಟ ಆಗುತ್ತಿತ್ತು. ಇದಕ್ಕಿಂತ ಒಳ್ಳೆಯದು ಬರುತ್ತಿದೆ ಅಂತ ಅವರೇ ಮುಂಚೆ ಹೇಳಿಬಿಟ್ಟರು. ಅಂಗಡಿಯವರು ಹಳೇದರ ಆರ್ಡರ್ ನಿಲ್ಲಿಸಿದರು. 1983ರಲ್ಲಿ ಕಂಪನಿ ದಿವಾಳಿಯಾಯಿತು. ಪೈಪೋಟಿಯೂ ಕಾರಣ ಅನ್ನುವವರಿದ್ದಾರೆ, ಇರಲಿ. ಈ ಆಸ್ಬರ್ನ್ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಿರುವಣ್ಣಾಮಲೈಯಲ್ಲಿ. ಅಪ್ಪ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಭಕ್ತರು. ಮೌನದಲ್ಲೇ ಉಪದೇಶ ಕೊಡುತ್ತಿದ್ದವರ ಊರಿನಲ್ಲಿ ಬೆಳೆದವರು, ಮುಂಚೆಯೇ ಮಾತಾಡಿ ಕೆಟ್ಟರು ಅಂತ ನನಗೆ ಸುಮ್ನೆ ಅನ್ನಿಸುತ್ತದೆ.

ಈಗ ಆ ಕೆಲಸವನ್ನು ಕಂಪನಿಯೇ ಮಾಡಬೇಕಿಲ್ಲ, ನಾವೇ ಮಾಡುತ್ತೇವೆ. 2017ರ ಮೇ ತಿಂಗಳಲ್ಲಿ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಇದನ್ನೇ ಹೇಳಿದ್ದರು. ಮುಂದಿನ ಐಫೋನ್ ಬಗ್ಗೆ ಬಹಳ ಮುಂಚೆಯೇ ಬರುತ್ತಿರುವ ಸುದ್ದಿಗಳಿಂದ ಜನ ಕೊಳ್ಳುವುದನ್ನು ತಡೆಹಿಡಿದಿದ್ದಾರೆ ಅಂತ. ನಾನೂ ಹಾಗೆ ತಡೆಹಿಡಿದವನೇ. ಪರದೆ ಒಡೆದ ಫೋನಿಗೆ ಸೆಲ್ಲೋಟೇಪ್ ಅಂಟಿಸಿಕೊಂಡು ಒಂದೂವರೆ ವರ್ಷ ಓಡಾಡಿದ್ದೇನೆ. ಬೆರಳಿಗೆ ಗಾಜು ಚುಚ್ಚುತ್ತಿತ್ತು. ಯಾಕೆ ತಗೊಳ್ತಿಲ್ಲ ಅಂದರೆ, ಮುಂದಿನ ತಿಂಗಳು ಹೊಸದು ಬರುತ್ತಲ್ಲ ಅನ್ನುತ್ತಿದ್ದೆ. ಬಂದ ದಿನವೇ ಅದರ ಮುಂದಿನದರ ಲೀಕ್ ಶುರುವಾಗುತ್ತಿತ್ತು.

ಇನ್ನೊಂದು ವಿಚಿತ್ರ. 2025ರಲ್ಲಿ ಐಫೋನ್ 17 ಜೋಡಣೆ ದೇವನಹಳ್ಳಿ ಕಡೆಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೇ ಶುರುವಾಗಿತ್ತು. ಕೋಲಾರದ ನರಸಾಪುರದಲ್ಲಿ ಟಾಟಾದವರದು ಇದೆ. ತಿಪಟೂರಿನಿಂದ ಮೂರ್ನಾಲ್ಕು ಗಂಟೆಯ ದಾರಿ. ಆದರೆ ಆ ಫೋನ್ ಹೇಗಿರುತ್ತೆ ಅನ್ನೋ ಸುದ್ದಿ ನನಗೆ ಬಂದದ್ದು ಶೆನ್‌ಜೆನ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿಂದ ದೆಹಲಿಯ ಹಿಂದಿ ಯೂಟ್ಯೂಬರ್‌ಗೆ ಬಂದು, ಅದನ್ನು ನೋಡಿದ ಬೆಂಗಳೂರಿನ ಹುಡುಗನ ಬಾಯಿಂದ. ಪಕ್ಕದ ಮನೆ ಸುದ್ದಿ ಊರೆಲ್ಲ ಸುತ್ತಿ ನಮ್ಮ ಮನೆಗೆ ಬಂದ ಹಾಗೆ.

ಕೊನೆಗೆ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದಿನ ಮಾತು. ಒಂದು ಕಂಪನಿಯ ಫೋನ್, ಹೆಸರು ಬೇಡ, ಚೀನಾದಲ್ಲಿ ಬಿಡುಗಡೆಯಾಗಿತ್ತು. ಇಲ್ಲಿಗೆ ಇನ್ನೂ ಬಂದಿರಲಿಲ್ಲ. ಲೀಕ್‌ಗಳನ್ನೆಲ್ಲ ಅರೆದು ಕುಡಿದಿದ್ದ ನಾನು ಭಾವನಿಗೆ ಫೋನ್ ಮಾಡಿ, "ಭಾವ, ಈ ಫೋನ್ ನಮ್ಮಲ್ಲಿ ಕಡಲೆಪುರಿ ಥರ ಹೋಗುತ್ತೆ, ಈಗಲೇ ಪೌಚ್ ತರಿಸಿಟ್ಕೊಳ್ಳಿ, ಎಲ್ಲರಿಗಿಂತ ಮೊದಲು ನಿಮ್ಮ ಹತ್ರ ಇರುತ್ತೆ" ಅಂದೆ. ಭಾವ ನನ್ನ ಮಾತು ಕಟ್ಟಿಕೊಂಡು 120 ಪೌಚ್ ತರಿಸಿದರು. ಎರಡು ತಿಂಗಳಿಗೆ ಅದೇ ಹೆಸರಿನ ಫೋನ್ ಇಲ್ಲಿ ಬಂತು. ಒಂದು ಗಿರಾಕಿಯೂ ಬಂದ. ಭಾವ ಪೌಚ್ ಹಾಕೋಕೆ ಹೋದರೆ ಕೂರಲೇ ಇಲ್ಲ. ಹೆಸರು ಒಂದೇ, ಇಲ್ಲಿನ ಫೋನಿನ ಮೈಯೇ ಬೇರೆ. ಕ್ಯಾಮೆರಾ ಒಂದು ಕಡೆ, ತೂತು ಇನ್ನೊಂದು ಕಡೆ. ಪೌಚ್ ಮಾಡಿದವನದು ತಪ್ಪಿರಲಿಲ್ಲ. ಚೀನಾದ ಫೋನಿಗೆ ಅದು ಸರಿಯಾಗಿ ಕೂರುತ್ತಿತ್ತು. ಅವನು ಹೇಳಿದ್ದು ಒಂದು, ನಾನು ತಿಳಿದದ್ದು ಇನ್ನೊಂದು. ನನ್ನ ಕೈಯಿಂದ ಹೋದದ್ದು ಒಂದು ಫೋನ್ ಕಾಲ್ ಮಾತ್ರ.

ಭಾವ ಆವತ್ತು ಏನೂ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ. ಅಂಗಡಿಯ ಅಟ್ಟದ ಮೇಲೆ ಆ ಡಬ್ಬ ಇನ್ನೂ ಇದೆ. ಈ ಸಲ ಹಬ್ಬಕ್ಕೆ ಹೋದಾಗ ಅಕ್ಕನ ಮನೆ ಬಚ್ಚಲಲ್ಲಿ ಸೋಪಿನ ಪೆಟ್ಟಿಗೆ ಕಾಣಲಿಲ್ಲ. ಅದರ ಜಾಗದಲ್ಲಿ ಅದೇ ಪಾರದರ್ಶಕ ಪೌಚ್ ಮಲಗಿತ್ತು, ಮೇಲೊಂದು ಮೈಸೂರ್ ಸ್ಯಾಂಡಲ್. ಅಕ್ಕನನ್ನು ಕೇಳಿದೆ.

"ಚೆನ್ನಾಗಿದೆ ಕಣೋ," ಅಂದಳು. "ಕ್ಯಾಮೆರಾ ತೂತಿಂದ ನೀರೆಲ್ಲ ಇಳಿದು ಹೋಗುತ್ತೆ. ಸೋಪು ಕರಗಲ್ಲ. ಇನ್ನೂ ಇದಾವೆ, ನಿನಗೆ ಬೇಕಾದ್ರೆ ನಾಲ್ಕು ತಗೊಂಡು ಹೋಗು."

ಎರಡು ತಂದಿದ್ದೇನೆ.